ಆಮದು ಪೊಟ್ಟಣಗಳ ಸ್ವಯಂ ಕಸ್ಟಮ್ಸ್ ಬಿಡುಗಡೆ (ಬೆಂಗಳೂರು)

ಸ್ವಯಂ ಕಸ್ಟಮ್ಸ್ ಬಿಡುಗಡೆ ಎಂದರೆ ವಿದೇಶದಿಂದ ಬಂದ ಪೊಟ್ಟಣದ ಘೋಷಣೆ, ಸುಂಕ ಪಾವತಿ ಮತ್ತು ಬಿಡುಗಡೆಯ ಕಾರ್ಯಗಳನ್ನು ಕೊರಿಯರ್ ಸಂಸ್ಥೆಗಾಗಲಿ ಕಸ್ಟಮ್ಸ್ ಬ್ರೋಕರ್‌ಗಾಗಲಿ ವಹಿಸದೆ ಆಮದುದಾರನೇ ನಿರ್ವಹಿಸುವ ಕ್ರಮ. ಇದರಿಂದ ಸರ್ಕಾರಕ್ಕೆ ಸಲ್ಲಬೇಕಾದ ಸುಂಕ ಕಡಿಮೆಯಾಗುವುದಿಲ್ಲ. ಮಧ್ಯವರ್ತಿಯ ಸೇವಾ ಶುಲ್ಕ ಮಾತ್ರ ಉಳಿಯುತ್ತದೆ. ಭಾರತದಲ್ಲಿ ಆಮದುದಾರನು ಸ್ವಂತ ಸರಕನ್ನು ತಾನೇ ಬಿಡಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ಪೊಟ್ಟಣವು ಅಂಚೆ, ಕೊರಿಯರ್ ಅಥವಾ ಸಾಮಾನ್ಯ ವಿಮಾನ ಸರಕು ಇವುಗಳಲ್ಲಿ ಯಾವ ಮಾರ್ಗದಲ್ಲಿ ಬಂದಿದೆ ಎಂಬುದರ ಮೇಲೆ ಈ ಹಕ್ಕಿನ ಬಳಕೆ ಅವಲಂಬಿಸಿದೆ.

ಹಿನ್ನೆಲೆ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಿಗೆ ವಿದೇಶಗಳಿಂದ ಸಣ್ಣ ಪೊಟ್ಟಣಗಳು ನಿಯಮಿತವಾಗಿ ಬರುತ್ತವೆ. ಮೊದಲೆರಡು ಪ್ರದೇಶಗಳಲ್ಲಿ ಮಾಹಿತಿ ತಂತ್ರಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್ ವಿನ್ಯಾಸ ಸಂಸ್ಥೆಗಳಿದ್ದು, ಸರ್ಕ್ಯೂಟ್ ಬೋರ್ಡ್, ಸೆನ್ಸರ್, ಪರೀಕ್ಷಾ ಉಪಕರಣಗಳಂತಹ ವಸ್ತುಗಳನ್ನು ತರಿಸಿಕೊಳ್ಳುತ್ತವೆ. ಪೀಣ್ಯದ ಸಣ್ಣ ಕೈಗಾರಿಕೆಗಳು ಯಂತ್ರಗಳ ಬಿಡಿಭಾಗ, ಕತ್ತರಿಸುವ ಸಾಧನ, ಅಳತೆಯ ಉಪಕರಣಗಳನ್ನು ಆಮದು ಮಾಡಿಕೊಳ್ಳುತ್ತವೆ. ಬಿಡಿಭಾಗವೊಂದು ತಡವಾದರೆ ಯಂತ್ರವೇ ನಿಲ್ಲುವುದರಿಂದ ಇಲ್ಲಿ ಶುಲ್ಕದಷ್ಟೇ ಸಮಯವೂ ಮುಖ್ಯ.

ನಗರಕ್ಕೆ ಬರುವ ವಿದೇಶಿ ಸರಕು ಮುಖ್ಯವಾಗಿ ಮೂರು ಕಡೆ ಕಸ್ಟಮ್ಸ್ ತಪಾಸಣೆಗೆ ಒಳಪಡುತ್ತದೆ. ವಿಮಾನ ಸರಕು ಮತ್ತು ಕೊರಿಯರ್ ಪೊಟ್ಟಣಗಳು ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬರುತ್ತವೆ. 2008ರ ಮೇ ತಿಂಗಳವರೆಗೆ ಈ ಕಾರ್ಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ನಡೆಯುತ್ತಿತ್ತು. ಅಂಚೆಯ ಮೂಲಕ ಬರುವ ಪೊಟ್ಟಣಗಳನ್ನು ಚಾಮರಾಜಪೇಟೆಯಲ್ಲಿರುವ ವಿದೇಶಿ ಅಂಚೆ ಕಚೇರಿ ನಿರ್ವಹಿಸುತ್ತದೆ. ಹಡಗಿನಲ್ಲಿ ಚೆನ್ನೈ ಮೊದಲಾದ ಬಂದರುಗಳಿಗೆ ಬಂದು ರೈಲಿನಲ್ಲಿ ಸಾಗುವ ಕಂಟೇನರ್‌ಗಳು ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ತಲುಪುತ್ತವೆ. ಭಾರತದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತು.

ಸುಂಕ ಮತ್ತು ಶುಲ್ಕದ ವ್ಯತ್ಯಾಸ

ಕೊರಿಯರ್ ಸಂಸ್ಥೆ ಪೊಟ್ಟಣದೊಂದಿಗೆ ನೀಡುವ ಬಿಲ್ಲಿನಲ್ಲಿ ಎರಡು ಬಗೆಯ ಮೊತ್ತಗಳು ಸೇರಿರುತ್ತವೆ. ಮೊದಲನೆಯದು ಮೂಲ ಸೀಮಾ ಸುಂಕ, ಸಮಾಜ ಕಲ್ಯಾಣ ಮೇಲ್ತೆರಿಗೆ ಮತ್ತು ಸಮಗ್ರ ಸರಕು ಮತ್ತು ಸೇವಾ ತೆರಿಗೆ (ಐಜಿಎಸ್‌ಟಿ). ಇವು ಸರ್ಕಾರಕ್ಕೆ ಸೇರುತ್ತವೆ. ಎರಡನೆಯದು ಸಂಸ್ಥೆಯ ಸ್ವಂತ ಶುಲ್ಕ: ಗ್ರಾಹಕನ ಪರವಾಗಿ ಸುಂಕವನ್ನು ಮುಂಗಡವಾಗಿ ಕಟ್ಟಿದ್ದಕ್ಕೆ ಶುಲ್ಕ, ಘೋಷಣಾ ಪತ್ರ ಸಲ್ಲಿಸಿದ್ದಕ್ಕೆ ಶುಲ್ಕ, ದಾಸ್ತಾನು ಬಾಡಿಗೆ, ಮತ್ತು ಈ ಸೇವೆಗಳ ಮೇಲಿನ ಜಿಎಸ್‌ಟಿ.

ಮುಂಗಡ ಪಾವತಿಯ ಶುಲ್ಕಕ್ಕೆ ಅನೇಕ ಸಂಸ್ಥೆಗಳು ಕನಿಷ್ಠ ಮೊತ್ತವನ್ನು ನಿಗದಿಪಡಿಸಿರುತ್ತವೆ. ಆದುದರಿಂದ ಕಡಿಮೆ ಬೆಲೆಯ ಪೊಟ್ಟಣಗಳಲ್ಲಿ ಶುಲ್ಕವು ಸುಂಕವನ್ನೇ ಮೀರುವುದುಂಟು. ಈ ಎರಡನ್ನು ಬೇರ್ಪಡಿಸಿ ನೋಡಲು ಸಂಸ್ಥೆಯ ಬಿಲ್ಲಿನ ಜೊತೆಗೆ ಕಸ್ಟಮ್ಸ್‌ಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನೂ ಪಡೆದುಕೊಳ್ಳುವುದು ಅಗತ್ಯ. ಬಿಲ್ ಆಫ್ ಎಂಟ್ರಿಯಲ್ಲಿ ನಮೂದಾಗಿರುವ ಮೊತ್ತವಷ್ಟೇ ಸುಂಕ.

ಕಾನೂನಿನ ಚೌಕಟ್ಟು

ಆಮದು ಸರಕಿನ ನಿಯಂತ್ರಣಕ್ಕೆ ಸೀಮಾ ಸುಂಕ ಅಧಿನಿಯಮ, 1962 ಮೂಲ ಕಾನೂನು. ಸುಂಕದ ದರಗಳನ್ನು ಸೀಮಾ ಸುಂಕ ದರಪಟ್ಟಿ ಅಧಿನಿಯಮ, 1975 ನಿಗದಿಪಡಿಸುತ್ತದೆ. 1962ರ ಅಧಿನಿಯಮದ 46ನೇ ಪ್ರಕರಣದಂತೆ ಆಮದುದಾರನು ಬಿಲ್ ಆಫ್ ಎಂಟ್ರಿ ಎಂಬ ಘೋಷಣಾ ಪತ್ರವನ್ನು ಸಲ್ಲಿಸಬೇಕು. 2011ರಿಂದ ಜಾರಿಯಲ್ಲಿರುವ ಸ್ವಯಂ ಮೌಲ್ಯನಿರ್ಣಯ ಪದ್ಧತಿಯಲ್ಲಿ ಸುಂಕವನ್ನು ಲೆಕ್ಕಹಾಕುವ ಪ್ರಾಥಮಿಕ ಹೊಣೆಯೂ ಆಮದುದಾರನದೇ. ಅಧಿಕಾರಿ ಅದನ್ನು ಪರಿಶೀಲಿಸಬಹುದು ಹಾಗೂ ಅಗತ್ಯವಿದ್ದರೆ ಬದಲಾಯಿಸಬಹುದು.

ಇತರರ ಪರವಾಗಿ ಈ ಕೆಲಸವನ್ನು ವೃತ್ತಿಯಾಗಿ ಮಾಡುವವರಿಗೆ ಕಸ್ಟಮ್ಸ್ ಬ್ರೋಕರ್ ಪರವಾನಗಿ ಕಡ್ಡಾಯ. ಹಿಂದೆ ಇವರನ್ನು ಕಸ್ಟಮ್ ಹೌಸ್ ಏಜೆಂಟ್ ಎಂದು ಕರೆಯಲಾಗುತ್ತಿತ್ತು. 2018ರ ಕಸ್ಟಮ್ಸ್ ಬ್ರೋಕರ್ ಪರವಾನಗಿ ವಿನಿಯಮಗಳು ಕೆಲವರಿಗೆ ವಿನಾಯಿತಿ ನೀಡುತ್ತವೆ, ಅವರಲ್ಲಿ ಇಬ್ಬರು: ಕೇವಲ ತನ್ನ ಸ್ವಂತ ಲೆಕ್ಕದಲ್ಲಿ ವ್ಯವಹರಿಸುವ ಆಮದುದಾರ ಅಥವಾ ರಫ್ತುದಾರ, ಮತ್ತು ಕಸ್ಟಮ್ಸ್ ನೀಡಿದ ಗುರುತಿನ ಚೀಟಿ ಅಥವಾ ತಾತ್ಕಾಲಿಕ ಪಾಸ್ ಹೊಂದಿ ತನ್ನ ಸಂಸ್ಥೆಯ ಪರವಾಗಿ ವ್ಯವಹರಿಸುವ ನೌಕರ. ಸ್ವಯಂ ಬಿಡುಗಡೆಗೆ ಈ ವಿನಾಯಿತಿಯೇ ಆಧಾರ. ಸಣ್ಣ ಕಾರ್ಖಾನೆಯೊಂದು ತನ್ನ ಲೆಕ್ಕಪತ್ರ ವಿಭಾಗದ ನೌಕರನನ್ನು ಕಳುಹಿಸಿ ಸರಕು ಬಿಡಿಸಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ. ನೆರೆಯವನ ಅಥವಾ ಸ್ನೇಹಿತನ ಪೊಟ್ಟಣವನ್ನು ಹಣ ಪಡೆದು ಬಿಡಿಸಿಕೊಡುವುದಕ್ಕೆ ಇದು ಅನ್ವಯಿಸುವುದಿಲ್ಲ.

ಮಾರ್ಗಗಳು

ಅಂಚೆ

ಅಂಚೆಯಲ್ಲಿ ಬರುವ ಪೊಟ್ಟಣದ ಮೇಲೆ ಕಳುಹಿಸಿದವನು ಅಂಟಿಸುವ ಸಿಎನ್ 22 ಅಥವಾ ಸಿಎನ್ 23 ನಮೂನೆಯೇ ಘೋಷಣೆಯಾಗಿ ಬಳಕೆಯಾಗುತ್ತದೆ. ವಿದೇಶಿ ಅಂಚೆ ಕಚೇರಿಯಲ್ಲಿನ ಕಸ್ಟಮ್ಸ್ ಅಧಿಕಾರಿಗಳು ಸುಂಕ ನಿರ್ಧರಿಸುತ್ತಾರೆ. ವಿತರಣೆಯ ಸಮಯದಲ್ಲಿ ಅಂಚೆ ಇಲಾಖೆ ಅದನ್ನು ವಸೂಲು ಮಾಡುತ್ತದೆ. ಇಲಾಖೆಗೆ ಸಲ್ಲುವ ನಿರ್ವಹಣಾ ಶುಲ್ಕ ಸಾಮಾನ್ಯವಾಗಿ ಖಾಸಗಿ ಕೊರಿಯರ್ ಶುಲ್ಕಕ್ಕಿಂತ ಬಹಳ ಕಡಿಮೆ. ಬೆಲೆ ಅಥವಾ ವಸ್ತುವಿನ ಸ್ವರೂಪದ ಬಗ್ಗೆ ಸಂದೇಹ ಬಂದಾಗ ವಿಳಾಸದಾರನಿಂದ ದಾಖಲೆಗಳನ್ನು ಕೇಳಲಾಗುತ್ತದೆ. ಆಗ ಖರೀದಿ ರಸೀದಿ, ಹಣ ಪಾವತಿಯ ದಾಖಲೆ ಮತ್ತು ಗುರುತಿನ ಪತ್ರವನ್ನು ಒದಗಿಸಬೇಕಾಗುತ್ತದೆ. ವೈಯಕ್ತಿಕ ಬಳಕೆಯ ಅಗ್ಗದ ವಸ್ತುಗಳಿಗೆ ಶುಲ್ಕ ಉಳಿಸುವ ಅತ್ಯಂತ ಸರಳ ಮಾರ್ಗ ಇದೇ ಆದರೂ ಸಾಗಣೆ ನಿಧಾನ.

ಕೊರಿಯರ್

ಅಂತರರಾಷ್ಟ್ರೀಯ ಕೊರಿಯರ್ ಪೊಟ್ಟಣಗಳಿಗೆ 1998 ಮತ್ತು 2010ರ ಪ್ರತ್ಯೇಕ ವಿನಿಯಮಗಳಿವೆ. ಮೊದಲನೆಯದು ಕಾಗದದ ದಾಖಲೆಗಳಿಗೂ ಎರಡನೆಯದು ವಿದ್ಯುನ್ಮಾನ ಘೋಷಣೆಗೂ ಸಂಬಂಧಿಸಿದೆ. ಇವುಗಳ ಪ್ರಕಾರ ಕೊರಿಯರ್ ಬಿಲ್ ಆಫ್ ಎಂಟ್ರಿಯನ್ನು ಸಲ್ಲಿಸುವವರು ಅಧಿಕೃತ ಕೊರಿಯರ್ ಸಂಸ್ಥೆ ಅಥವಾ ಅದರ ಪ್ರತಿನಿಧಿ. ವಿಳಾಸದಾರನು ಆ ನಮೂನೆಯನ್ನು ತಾನೇ ಸಲ್ಲಿಸಲಾರ. ಆದರೆ ಸಂಸ್ಥೆಯು ವಿಳಾಸದಾರನ ಏಜೆಂಟ್ ಆಗಿ ವರ್ತಿಸುವುದರಿಂದ ಅವನಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವಿದೆ. ಗುರುತಿನ ದಾಖಲೆಗಳ ಜೊತೆಗೆ ಕೇಳಲಾಗುವ ಒಪ್ಪಿಗೆ ಇದೇ.

ಕೊರಿಯರ್ ಮೂಲಕ ಬಂದ ಪೊಟ್ಟಣವನ್ನು ಸ್ವತಃ ಬಿಡಿಸಿಕೊಳ್ಳಬೇಕೆಂದರೆ ಅದನ್ನು ಸಾಮಾನ್ಯ ಬಿಲ್ ಆಫ್ ಎಂಟ್ರಿಯ ಪದ್ಧತಿಗೆ ಒಳಪಡಿಸುವಂತೆ ಸಂಸ್ಥೆಗೆ ಲಿಖಿತ ಸೂಚನೆ ನೀಡಬೇಕಾಗುತ್ತದೆ. ದೊಡ್ಡ ಸಂಸ್ಥೆಗಳು ಗ್ರಾಹಕನು ಆರಿಸಿದ ಬ್ರೋಕರ್‌ಗೆ ಅಥವಾ ಗ್ರಾಹಕನಿಗೇ ದಾಖಲೆಗಳನ್ನು ಹಸ್ತಾಂತರಿಸುವ ವ್ಯವಸ್ಥೆ ಹೊಂದಿರುತ್ತವೆ. ಈ ಹಸ್ತಾಂತರಕ್ಕೂ ಶುಲ್ಕ ಇರಬಹುದು. ಸೂಚನೆಯು ಪೊಟ್ಟಣ ಬೆಂಗಳೂರು ತಲುಪುವ ಮೊದಲೇ ಸಂಸ್ಥೆಗೆ ಮುಟ್ಟಬೇಕು. ಕೊರಿಯರ್ ಬಿಲ್ ಆಫ್ ಎಂಟ್ರಿ ಸಲ್ಲಿಕೆಯಾಗಿ ಸುಂಕ ಪಾವತಿಯಾದ ಮೇಲೆ ಕ್ರಮವನ್ನು ಬದಲಿಸಲು ಅವಕಾಶ ಉಳಿಯುವುದಿಲ್ಲ.

ಸಾಮಾನ್ಯ ವಿಮಾನ ಸರಕು

ಮಾರಾಟಗಾರನು ಪೊಟ್ಟಣವನ್ನು ಮನೆಬಾಗಿಲಿನ ಕೊರಿಯರ್ ಬದಲು ವಿಮಾನ ನಿಲ್ದಾಣದವರೆಗಿನ ಸರಕಾಗಿ ಕಳುಹಿಸಿದರೆ ಸ್ವಯಂ ಬಿಡುಗಡೆ ಸಹಜ ಕ್ರಮವಾಗುತ್ತದೆ. ಹಲವು ಕಿಲೋಗ್ರಾಂ ತೂಕದ ಯಂತ್ರಭಾಗಗಳಿಗೆ ಇದು ಹೆಚ್ಚು ಹೊಂದುತ್ತದೆ. ಇಲ್ಲಿ ವಿಮಾನ ಸಂಸ್ಥೆ ಅಥವಾ ಸರಕು ಸಾಗಣೆದಾರನಿಂದ ಡೆಲಿವರಿ ಆರ್ಡರ್ ಪಡೆಯಬೇಕು ಮತ್ತು ಸರಕು ಸಂಕೀರ್ಣದ ನಿರ್ವಾಹಕರಿಗೆ ನಿರ್ವಹಣಾ ಶುಲ್ಕ ಕಟ್ಟಬೇಕು. ಆದ್ದರಿಂದ ಈ ಮಾರ್ಗವೂ ಸಂಪೂರ್ಣವಾಗಿ ಶುಲ್ಕರಹಿತವಲ್ಲ.

ಬಿಡುಗಡೆಯ ಹಂತಗಳು

ವ್ಯಾಪಾರ ಅಥವಾ ತಯಾರಿಕೆಗಾಗಿ ಆಮದು ಮಾಡುವವರಿಗೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ನೀಡುವ ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ) ಬೇಕು. ಜಿಎಸ್‌ಟಿ ಜಾರಿಯಾದ 2017ರಿಂದ ಪ್ಯಾನ್ ಸಂಖ್ಯೆಯೇ ಐಇಸಿ ಆಗಿದೆ. ಅರ್ಜಿ ಶುಲ್ಕ 500 ರೂಪಾಯಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಇದರ ವಿವರಗಳನ್ನು ದೃಢಪಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ವ್ಯಾಪಾರ, ತಯಾರಿಕೆ ಅಥವಾ ಕೃಷಿಗೆ ಸಂಬಂಧಿಸದ ವೈಯಕ್ತಿಕ ಬಳಕೆಯ ಆಮದಿಗೆ ಪ್ರತ್ಯೇಕ ಐಇಸಿ ಅಗತ್ಯವಿಲ್ಲ.

ಮುಂದಿನ ಹಂತಗಳು ಸಾಮಾನ್ಯವಾಗಿ ಹೀಗಿರುತ್ತವೆ:

1. ದಾಖಲೆಗಳ ಸಂಗ್ರಹ: ಏರ್‌ವೇ ಬಿಲ್, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಹಣ ಪಾವತಿಯ ಪುರಾವೆ, ಗುರುತಿನ ಪತ್ರ, ಅಗತ್ಯವಿದ್ದಲ್ಲಿ ಪರವಾನಗಿ ಮತ್ತು ವಸ್ತುವಿನ ತಾಂತ್ರಿಕ ವಿವರಪತ್ರ.

2. ವರ್ಗೀಕರಣ: ವಸ್ತುವಿಗೆ ದರಪಟ್ಟಿಯಲ್ಲಿನ ಎಂಟು ಅಂಕಿಗಳ ಸಂಕೇತವನ್ನು ಗುರುತಿಸುವುದು. ಯಂತ್ರಗಳು ಸಾಮಾನ್ಯವಾಗಿ 84ನೇ ಅಧ್ಯಾಯದಲ್ಲಿ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳು 85ರಲ್ಲಿ, ಅಳತೆಯ ಉಪಕರಣಗಳು 90ರಲ್ಲಿ ಬರುತ್ತವೆ. ಅಂಚೆ ಅಥವಾ ವಿಮಾನದ ಮೂಲಕ ವೈಯಕ್ತಿಕ ಬಳಕೆಗೆ ತರಿಸಿದ ಸುಂಕಾರ್ಹ ವಸ್ತುಗಳಿಗೆ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ.

3. ಘೋಷಣೆ: ಐಸ್‌ಗೇಟ್ ಜಾಲತಾಣದಲ್ಲಿ ನೋಂದಾಯಿಸಿ, ಡಿಜಿಟಲ್ ಸಹಿಯೊಂದಿಗೆ ಬಿಲ್ ಆಫ್ ಎಂಟ್ರಿ ಸಲ್ಲಿಸುವುದು. ಡಿಜಿಟಲ್ ಸಹಿ ಇಲ್ಲದವರು ಕಸ್ಟಮ್ಸ್ ಸೇವಾ ಕೇಂದ್ರದಲ್ಲಿ ನಿಗದಿತ ಶುಲ್ಕ ಕೊಟ್ಟು ವಿವರಗಳನ್ನು ದಾಖಲಿಸಬಹುದು. ಪೂರಕ ದಾಖಲೆಗಳನ್ನು ಇ-ಸಂಚಿತ್ ವ್ಯವಸ್ಥೆಗೆ ಸೇರಿಸಲಾಗುತ್ತದೆ.

4. ಮೌಲ್ಯನಿರ್ಣಯ: ಅಪಾಯ ನಿರ್ವಹಣಾ ವ್ಯವಸ್ಥೆ ಕೆಲವು ಘೋಷಣೆಗಳನ್ನು ನೇರವಾಗಿ ಅಂಗೀಕರಿಸುತ್ತದೆ, ಉಳಿದವನ್ನು ಅಧಿಕಾರಿಗಳ ಪರಿಶೀಲನೆಗೆ ಕಳುಹಿಸುತ್ತದೆ. ವಸ್ತುವಿನ ಸ್ವರೂಪ ತನಗೇ ಖಚಿತವಿಲ್ಲದಿದ್ದರೆ ಆಮದುದಾರನು ಮೊದಲು ತಪಾಸಣೆ, ನಂತರ ಮೌಲ್ಯನಿರ್ಣಯ ಎಂಬ ಕ್ರಮವನ್ನು ಕೋರಬಹುದು.

5. ಪಾವತಿ ಮತ್ತು ಬಿಡುಗಡೆ: ಸುಂಕ ಪಾವತಿಯ ನಂತರ, ತಪಾಸಣೆಗೆ ಆಯ್ಕೆಯಾಗಿದ್ದರೆ ಅಧಿಕಾರಿಯ ಎದುರು ಪೊಟ್ಟಣ ತೆರೆಯಲಾಗುತ್ತದೆ. 'ಔಟ್ ಆಫ್ ಚಾರ್ಜ್' ಆದೇಶ ದೊರೆತ ಮೇಲೆ ನಿರ್ವಾಹಕರ ಶುಲ್ಕ ಕಟ್ಟಿ ಸರಕನ್ನು ಹೊರತೆಗೆದುಕೊಳ್ಳಬಹುದು.

ಮೌಲ್ಯನಿರ್ಣಯ ಮಾಡುವ ಅಧಿಕಾರಿ ಬೆಂಗಳೂರಿನಲ್ಲೇ ಇರಬೇಕೆಂದಿಲ್ಲ. ಮುಖರಹಿತ ಮೌಲ್ಯನಿರ್ಣಯ ಪದ್ಧತಿಯ ಮೊದಲ ಹಂತ 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ, ಮುಖ್ಯವಾಗಿ 84 ಮತ್ತು 85ನೇ ಅಧ್ಯಾಯಗಳ ಸರಕುಗಳಿಗೆ ಆರಂಭವಾಯಿತು. ಅದೇ ವರ್ಷ ದೇಶದಾದ್ಯಂತ ವಿಸ್ತರಿಸಿತು. ಪ್ರಶ್ನೆಗಳು ಗಣಕದ ಮೂಲಕ ಬರುವುದರಿಂದ ವಸ್ತುವಿನ ವಿವರಣೆ ಬರವಣಿಗೆಯಲ್ಲೇ ಸ್ಪಷ್ಟವಾಗಿರಬೇಕು. 'ಬಿಡಿಭಾಗ' ಎಂದಷ್ಟೇ ಬರೆಯುವ ಬದಲು ಅದು ಯಾವ ಯಂತ್ರದ, ಯಾವ ಲೋಹದ, ಯಾವ ಉಪಯೋಗದ ಭಾಗ ಎಂದು ತಿಳಿಸಿದರೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಸ್ಥಳೀಯ ಸಹಾಯಕ್ಕಾಗಿ ತುರಂತ್ ಸುವಿಧಾ ಕೇಂದ್ರಗಳಿವೆ.

ಸುಂಕದ ಲೆಕ್ಕ

ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲದೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೌಲ್ಯದ ಮೇಲೆ ವಿಧಿಸಲಾಗುತ್ತದೆ. 2007ರ ಮೌಲ್ಯನಿರ್ಣಯ ನಿಯಮಗಳ ಪ್ರಕಾರ ವಿಮಾನದಲ್ಲಿ ಬಂದ ಸರಕಿನ ಸಾಗಣೆ ವೆಚ್ಚವನ್ನು ವಸ್ತುವಿನ ಮೂಲ ಬೆಲೆಯ ಶೇ. 20ಕ್ಕಿಂತ ಹೆಚ್ಚಾಗಿ ಪರಿಗಣಿಸುವಂತಿಲ್ಲ. ವಿಮೆಯ ಮೊತ್ತ ತಿಳಿಯದಿದ್ದಲ್ಲಿ ಮೂಲ ಬೆಲೆಯ ಶೇ. 1.125ರಷ್ಟನ್ನು ಸೇರಿಸಲಾಗುತ್ತದೆ. ಕೊರಿಯರ್ ಸಾಗಣೆ ದುಬಾರಿಯಾಗಿರುವಾಗ ಈ ಶೇ. 20ರ ಮಿತಿ ಆಮದುದಾರನಿಗೆ ಅನುಕೂಲಕರ.

ಉದಾಹರಣೆಗೆ, ವಸ್ತುವಿನ ಬೆಲೆ 40,000 ರೂಪಾಯಿ, ಸಾಗಣೆ 5,000 ರೂಪಾಯಿ, ವಿಮೆ 450 ರೂಪಾಯಿ ಎಂದಿಟ್ಟುಕೊಂಡರೆ ಸುಂಕಾರ್ಹ ಮೌಲ್ಯ 45,450 ರೂಪಾಯಿ. ಮೂಲ ಸುಂಕ ಶೇ. 10 ಮತ್ತು ಐಜಿಎಸ್‌ಟಿ ಶೇ. 18 ಇದ್ದಲ್ಲಿ ಲೆಕ್ಕ ಹೀಗಾಗುತ್ತದೆ:

ಮೂಲ ಸೀಮಾ ಸುಂಕ: 4,545.00 ರೂ.
ಸಮಾಜ ಕಲ್ಯಾಣ ಮೇಲ್ತೆರಿಗೆ (ಮೂಲ ಸುಂಕದ ಶೇ. 10): 454.50 ರೂ.
ಐಜಿಎಸ್‌ಟಿ (50,449.50 ರೂ. ಮೇಲೆ ಶೇ. 18): 9,080.91 ರೂ.
ಒಟ್ಟು: 14,080.41 ರೂ.

ಐಜಿಎಸ್‌ಟಿಯನ್ನು ಸುಂಕ ಸೇರಿದ ಮೊತ್ತದ ಮೇಲೆ ಲೆಕ್ಕಹಾಕುವುದರಿಂದ ಒಟ್ಟು ಹೊರೆ ಶೇ. 29 ಆಗದೆ ಶೇ. 30.98 ಆಗುತ್ತದೆ. ಇಲ್ಲಿ ಬಳಸಿರುವ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ನಿಜವಾದ ದರ ವಸ್ತುವಿನಿಂದ ವಸ್ತುವಿಗೆ ಬೇರೆಯಾಗಿದ್ದು ಆಯವ್ಯಯ ಮತ್ತು ಅಧಿಸೂಚನೆಗಳ ಮೂಲಕ ಬದಲಾಗುತ್ತಿರುತ್ತದೆ. ವಿದೇಶಿ ಹಣವನ್ನು ಪರಿವರ್ತಿಸಲು ಬ್ಯಾಂಕಿನ ದರವಲ್ಲದೆ ಕಸ್ಟಮ್ಸ್ ಉದ್ದೇಶಕ್ಕಾಗಿ ಪ್ರಕಟವಾಗುವ ದರವನ್ನು ಬಳಸಬೇಕು.

ಉದ್ದಿಮೆಗಳು ಮತ್ತು ತೆರಿಗೆ ಕ್ರೆಡಿಟ್

ಜಿಎಸ್‌ಟಿ ನೋಂದಣಿ ಹೊಂದಿದ ಉದ್ದಿಮೆಯು ವ್ಯವಹಾರಕ್ಕಾಗಿ ತರಿಸಿದ ವಸ್ತುವಿನ ಮೇಲಿನ ಐಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಕ್ರೆಡಿಟ್ ಆಗಿ ಮರಳಿ ಪಡೆಯಬಹುದು. ಇದಕ್ಕೆ ಆಧಾರವಾಗುವ ದಾಖಲೆ ಬಿಲ್ ಆಫ್ ಎಂಟ್ರಿ. ಅದರಲ್ಲಿ ಉದ್ದಿಮೆಯ ಜಿಎಸ್‌ಟಿ ಸಂಖ್ಯೆ ಸರಿಯಾಗಿ ನಮೂದಾಗಿರಬೇಕು. ಕಾರ್ಖಾನೆಗೆ ತರಿಸಿದ ವಸ್ತುವನ್ನು ನೌಕರನೊಬ್ಬನ ಹೆಸರಿನಲ್ಲಿ ವೈಯಕ್ತಿಕ ಬಳಕೆಯದೆಂದು ಬಿಡಿಸಿಕೊಂಡರೆ ಈ ಕ್ರೆಡಿಟ್ ಕೈತಪ್ಪುತ್ತದೆ, ಜೊತೆಗೆ ಘೋಷಣೆಯೂ ತಪ್ಪಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕ್ರೆಡಿಟ್‌ಗೆ ಅರ್ಹವಾದ ಮೊತ್ತ 9,080.91 ರೂಪಾಯಿ. ಇಷ್ಟು ಮೊತ್ತವನ್ನು ಕಳೆದುಕೊಂಡು ಕೊರಿಯರ್ ಶುಲ್ಕ ಉಳಿಸುವುದು ಲಾಭಕರವಲ್ಲ. ಆದ್ದರಿಂದ ಸಣ್ಣ ಉದ್ದಿಮೆಯ ಪಾಲಿಗೆ ಸ್ವಯಂ ಬಿಡುಗಡೆಯ ಮುಖ್ಯ ಪ್ರಯೋಜನ ಘೋಷಣೆಯ ಮೇಲಿನ ಹಿಡಿತವೇ ಆಗಿರುತ್ತದೆ.

ನಿರ್ಬಂಧಿತ ವಸ್ತುಗಳು

ಸುಂಕ ಕಟ್ಟಿದ ಮಾತ್ರಕ್ಕೆ ಎಲ್ಲ ವಸ್ತುಗಳೂ ಬಿಡುಗಡೆಯಾಗುವುದಿಲ್ಲ.

ಉಡುಗೊರೆಗಳು: 2019ರ ಡಿಸೆಂಬರ್‌ನ ಅಧಿಸೂಚನೆಯಂತೆ ಉಡುಗೊರೆಯೆಂಬ ಹೆಸರಿನಲ್ಲಿ ಸುಂಕ ವಿನಾಯಿತಿ ಕೋರಿ ಅಂಚೆ ಅಥವಾ ಕೊರಿಯರ್ ಮೂಲಕ ಸರಕು ತರಿಸುವುದನ್ನು ನಿಷೇಧಿಸಲಾಯಿತು. ಜೀವರಕ್ಷಕ ಔಷಧಗಳು ಮತ್ತು ರಾಖಿಗೆ ಮಾತ್ರ ರಿಯಾಯಿತಿ ಉಳಿಯಿತು. ಪೂರ್ಣ ಸುಂಕ ಕಟ್ಟಿ ಉಡುಗೊರೆ ತರಿಸಲು ಅವಕಾಶವಿದೆ.

ಡ್ರೋನ್‌ಗಳು: 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನ್‌ಗಳ ಆಮದು ನಿಷಿದ್ಧ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಅನುಮತಿಯ ಮೇರೆಗೆ ವಿನಾಯಿತಿಯಿದೆ. ಡ್ರೋನ್ ಬಿಡಿಭಾಗಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಲ್ಯಾಪ್‌ಟಾಪ್‌ಗಳು: 2023ರ ಆಗಸ್ಟ್ 3ರ ಅಧಿಸೂಚನೆ ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮೊದಲಾದವುಗಳ ಆಮದನ್ನು ನಿರ್ಬಂಧಿಸಿದರೂ, ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ಒಂದು ಸಾಧನಕ್ಕೆ ಸುಂಕ ಪಾವತಿಯ ಷರತ್ತಿನ ಮೇಲೆ ವಿನಾಯಿತಿ ನೀಡಿತು.

ಔಷಧಗಳು: ವೈಯಕ್ತಿಕ ಬಳಕೆಗೆ ಔಷಧ ತರಿಸಲು 1945ರ ಔಷಧ ನಿಯಮಗಳ ಅಡಿಯಲ್ಲಿ ನಮೂನೆ 12ಎ ಮೂಲಕ ಅರ್ಜಿ ಸಲ್ಲಿಸಿ, ನಮೂನೆ 12ಬಿ ಅನುಮತಿ ಪಡೆಯಬೇಕು.

ಎಲೆಕ್ಟ್ರಾನಿಕ್ ಸಾಧನಗಳು: ಹಲವು ಉತ್ಪನ್ನಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಅನ್ವಯಿಸುತ್ತದೆ. ನಿಸ್ತಂತು ಸಂವಹನ ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಬೇಕಾಗಬಹುದು.

ಕಾಲಮಿತಿ ಮತ್ತು ಹೊಣೆಗಾರಿಕೆ

ನಿಗದಿತ ಅವಧಿಯೊಳಗೆ ಬಿಲ್ ಆಫ್ ಎಂಟ್ರಿ ಸಲ್ಲಿಸದಿದ್ದರೆ ಮೊದಲ ಮೂರು ದಿನಗಳಿಗೆ ದಿನಕ್ಕೆ 5,000 ರೂಪಾಯಿ, ಆನಂತರ ದಿನಕ್ಕೆ 10,000 ರೂಪಾಯಿ ವಿಳಂಬ ಶುಲ್ಕ ವಿಧಿಸಲು 2018ರ ವಿನಿಯಮಗಳಲ್ಲಿ ಅವಕಾಶವಿದೆ. ಸಾಕಷ್ಟು ಕಾರಣವಿದ್ದಲ್ಲಿ ಅಧಿಕಾರಿ ಇದನ್ನು ಮನ್ನಾ ಮಾಡಬಹುದು. ಸುಂಕ ಪಾವತಿ ತಡವಾದರೆ ಬಡ್ಡಿ ಸೇರುತ್ತದೆ. ಉಚಿತ ದಾಸ್ತಾನು ಅವಧಿ ಮುಗಿದ ಮೇಲೆ ನಿರ್ವಾಹಕರ ಬಾಡಿಗೆ ಏರತೊಡಗುತ್ತದೆ. ಸರಕು ಇಳಿದ 30 ದಿನಗಳೊಳಗೆ ಬಿಡುಗಡೆಯಾಗದಿದ್ದರೆ 48ನೇ ಪ್ರಕರಣದಂತೆ ಆಮದುದಾರನಿಗೆ ನೋಟಿಸ್ ನೀಡಿ ಅದನ್ನು ಮಾರಾಟ ಮಾಡಬಹುದು.

ಬ್ರೋಕರ್ ಇಲ್ಲದಿದ್ದಾಗ ತಪ್ಪು ಘೋಷಣೆಯ ಹೊಣೆ ಹಂಚಿಕೊಳ್ಳುವವರೂ ಇರುವುದಿಲ್ಲ. ತಿಳಿದೂ ಸುಳ್ಳು ದಾಖಲೆ ಬಳಸಿದವರಿಗೆ ಸರಕಿನ ಮೌಲ್ಯದ ಐದು ಪಟ್ಟಿನವರೆಗೆ ದಂಡ ವಿಧಿಸಲು 114ಎಎ ಪ್ರಕರಣ ಅವಕಾಶ ನೀಡುತ್ತದೆ. ಸುಂಕ ಕಡಿಮೆಯಾಗಲೆಂದು ಮಾರಾಟಗಾರನು ಇನ್‌ವಾಯ್ಸ್‌ನಲ್ಲಿ ಕಡಿಮೆ ಬೆಲೆ ನಮೂದಿಸಿದ್ದರೂ ಅದನ್ನು ಸಲ್ಲಿಸುವ ಆಮದುದಾರನೇ ಉತ್ತರಿಸಬೇಕಾಗುತ್ತದೆ.

ದೂರವೂ ಪರಿಗಣಿಸಬೇಕಾದ ಅಂಶ. ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ ರಸ್ತೆಯಲ್ಲಿ 50 ಕಿಲೋಮೀಟರಿಗೂ ಹೆಚ್ಚು ಪ್ರಯಾಣವಿದೆ. ತಪಾಸಣೆ ಮರುದಿನಕ್ಕೆ ಮುಂದೂಡಲ್ಪಟ್ಟರೆ ಎರಡು ದಿನದ ಕೆಲಸ ತಪ್ಪುತ್ತದೆ. ಆದುದರಿಂದ ಒಂದೆರಡು ಸಾವಿರ ರೂಪಾಯಿ ಬೆಲೆಯ ವಸ್ತುವಿಗೆ ಅಂಚೆ ಮಾರ್ಗ, ತುರ್ತು ಬಿಡಿಭಾಗಕ್ಕೆ ಕೊರಿಯರ್, ಪದೇ ಪದೇ ಬರುವ ಅಥವಾ ಭಾರವಾದ ಸರಕಿಗೆ ಸ್ವಯಂ ಬಿಡುಗಡೆ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ.

ತಕರಾರು ಮತ್ತು ಮೇಲ್ಮನವಿ

ಅಧಿಕಾರಿ ಮಾಡಿದ ಮರುಮೌಲ್ಯನಿರ್ಣಯವನ್ನು ಆಮದುದಾರನು ಲಿಖಿತವಾಗಿ ಒಪ್ಪದಿದ್ದರೆ, 17ನೇ ಪ್ರಕರಣದಂತೆ 15 ದಿನಗಳೊಳಗೆ ಕಾರಣಸಹಿತ ಆದೇಶ ನೀಡಬೇಕು. ಅದರ ವಿರುದ್ಧ ಮೇಲ್ಮನವಿ ಆಯುಕ್ತರಿಗೆ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ಹೆಚ್ಚುವರಿಯಾಗಿ ಕಟ್ಟಿದ ಸುಂಕವನ್ನು ಮರಳಿ ಪಡೆಯಲು ಸಾಮಾನ್ಯವಾಗಿ ಒಂದು ವರ್ಷದ ಕಾಲಮಿತಿಯಿದೆ. ಕೊರಿಯರ್ ಶುಲ್ಕದ ಕುರಿತ ತಕರಾರು ಕಸ್ಟಮ್ಸ್ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಸಂಸ್ಥೆಯ ದೂರು ವಿಭಾಗದಲ್ಲಿ ಅಥವಾ ಗ್ರಾಹಕ ವೇದಿಕೆಯಲ್ಲಿ ಪ್ರಸ್ತಾಪಿಸಬೇಕಾಗುತ್ತದೆ.

ವಂಚನೆಯ ಬಗ್ಗೆ ಎಚ್ಚರಿಕೆ

ಪೊಟ್ಟಣವೊಂದು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ ಎಂದು ಕರೆ ಮಾಡಿ ಹಣ ಕೀಳುವ ವಂಚನೆಗಳು ಬೆಂಗಳೂರಿನಲ್ಲಿ ಹಲವು ಬಾರಿ ವರದಿಯಾಗಿವೆ. ಸುಂಕವನ್ನು ಯಾವುದೇ ವ್ಯಕ್ತಿಯ ಖಾಸಗಿ ಬ್ಯಾಂಕ್ ಖಾತೆಗೆ ಕಟ್ಟುವ ಪದ್ಧತಿ ಇಲ್ಲ. ಕೇಂದ್ರ ಪರೋಕ್ಷ ತೆರಿಗೆಗಳು ಮತ್ತು ಸೀಮಾ ಸುಂಕ ಮಂಡಳಿಯು 2019ರ ನವೆಂಬರ್‌ನಲ್ಲಿ ಜಾರಿಗೆ ತಂದ ವ್ಯವಸ್ಥೆಯಲ್ಲಿ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತು ಸಂಖ್ಯೆ (ಡಿಐಎನ್) ಇರುತ್ತದೆ. ಅದನ್ನು ಮಂಡಳಿಯ ಜಾಲತಾಣದಲ್ಲಿ ಪರಿಶೀಲಿಸಬಹುದು. ಬಿಲ್ ಆಫ್ ಎಂಟ್ರಿಯ ಸ್ಥಿತಿಯನ್ನು ಐಸ್‌ಗೇಟ್ ಜಾಲತಾಣದಲ್ಲಿ ನೋಡಬಹುದು.

ಇತರ ದೇಶಗಳಲ್ಲಿ

ಕೆನಡಾದಲ್ಲಿ ವೈಯಕ್ತಿಕ ಬಳಕೆಯ ಪೊಟ್ಟಣದ ವಿಳಾಸದಾರನು ಕೊರಿಯರ್ ಸಂಸ್ಥೆಯ ಬಿಡುಗಡೆ ಸೇವೆಯನ್ನು ನಿರಾಕರಿಸಿ, ಪೊಟ್ಟಣದ ವಿವರಗಳೊಂದಿಗೆ ಕೆನಡಾ ಗಡಿ ಸೇವೆಗಳ ಸಂಸ್ಥೆಯ ಕಚೇರಿಗೆ ಹೋಗಿ ಸುಂಕ ಮತ್ತು ತೆರಿಗೆಯನ್ನು ನೇರವಾಗಿ ಕಟ್ಟಬಹುದು. ಅಲ್ಲಿ ದೊರೆತ ರಸೀದಿಯನ್ನು ತೋರಿಸಿದರೆ ಸಂಸ್ಥೆ ಪೊಟ್ಟಣವನ್ನು ಒಪ್ಪಿಸುತ್ತದೆ. ಭಾರತದಲ್ಲಿ ಕೊರಿಯರ್ ಪೊಟ್ಟಣಕ್ಕೆ ಇಷ್ಟು ಸರಳವಾದ ವ್ಯವಸ್ಥೆ ಇಲ್ಲ. ಇಲ್ಲಿನ ಆಮದುದಾರನು ಸರಕನ್ನು ತರಿಸುವ ಮೊದಲೇ ಸಾಗಣೆಯ ಮಾರ್ಗವನ್ನು ಆರಿಸಿಕೊಂಡು ಮಾರಾಟಗಾರನಿಗೆ ತಿಳಿಸಬೇಕಾಗುತ್ತದೆ.